ದೋಣಿಯೊಂದೇ ದಾರಿಯಾದ ದ್ವೀಪದಲ್ಲಿ ಒಂದು ರಾತ್ರಿ: ಸಿದ್ಧತೆ ಹೇಗಿರಬೇಕು?

ಪ್ರಶ್ನೆ: ದಡದಿಂದ ಸುಮಾರು 14 ಕಿ.ಮೀ. ದೂರದ, ಜನವಸತಿಯಿಲ್ಲದ ದ್ವೀಪವೊಂದರಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಕಳೆಯಬೇಕೆಂದಿದ್ದೇವೆ. ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು, 68 ವರ್ಷದ ಅಪ್ಪ, ಒಬ್ಬ ಗೆಳೆಯ, ಒಟ್ಟು ಐವರು. ಬಾಡಿಗೆ ದೋಣಿಯವರು ಶನಿವಾರ ಬೆಳಿಗ್ಗೆ ಬಿಟ್ಟು, ಭಾನುವಾರ ಸಂಜೆ ನಾಲ್ಕಕ್ಕೆ ಬಂದು ಕರೆದೊಯ್ಯುತ್ತಾರೆ. ಅಲ್ಲಿ ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ, ಮೊಬೈಲ್ ಸಿಗ್ನಲ್ ಖಾತ್ರಿಯಿಲ್ಲ. ಏನೇನು ಒಯ್ಯಬೇಕು? ದೋಣಿಯವರನ್ನು ಏನು ಕೇಳಬೇಕು? ಸಮುದ್ರ ಕೆಟ್ಟರೆ ಏನು ಮಾಡಬೇಕು? ಅಪ್ಪನನ್ನೂ ಮಗಳನ್ನೂ ಕರೆದೊಯ್ಯುವುದು ಸರಿಯೇ?

ಉತ್ತರ: ನಿಮ್ಮ ಯೋಜನೆಯಲ್ಲಿ ಮೊದಲು ಬದಲಾಗಬೇಕಾದದ್ದು ಭಾನುವಾರ ಸಂಜೆ ನಾಲ್ಕು ಗಂಟೆ ಎಂಬ ಆ ಹೊತ್ತು. ಹೋಗುವುದು ನಿಮ್ಮ ಕೈಯಲ್ಲಿದೆ, ಹವೆ ಸರಿಯಿಲ್ಲವೆಂದರೆ ಹೊರಡದೆ ಉಳಿಯಬಹುದು. ಮರಳುವುದು ಮಾತ್ರ ಗಾಳಿ, ಅಲೆ, ಉಬ್ಬರವಿಳಿತ ಮತ್ತು ದೋಣಿಯ ಎಂಜಿನ್ ಒಪ್ಪಿದಾಗ. ಹಾಗಾಗಿ ನೀರು, ಅಡುಗೆ ಅನಿಲ, ಔಷಧಿ, ಬ್ಯಾಟರಿ ಎಲ್ಲದರ ಲೆಕ್ಕವನ್ನೂ ದೋಣಿ ಒಂದು ದಿನ ತಡವಾಗಿ ಬರುತ್ತದೆ ಎಂದುಕೊಂಡೇ ಶುರುಮಾಡಿ. ಈ ಒಂದು ನಿಲುವು ಗಟ್ಟಿಯಾದರೆ ಉಳಿದ ಬಹುತೇಕ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಸಂಜೆ ನಾಲ್ಕು ಯಾಕೆ ಬೇಡ ಎಂದರೆ, ಬಿಸಿಲಿನ ದಿನಗಳಲ್ಲಿ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಇದು ಸಾಮಾನ್ಯವಾಗಿ ಮಧ್ಯಾಹ್ನಕ್ಕೆ ಮುಂಚೆ ಶುರುವಾಗಿ ಎರಡರಿಂದ ನಾಲ್ಕು ಗಂಟೆಯ ಹೊತ್ತಿಗೆ ಜೋರಾಗಿರುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನ ಬೆಳ್ನೊರೆ ಕಾರುವುದು ಇದರಿಂದಲೇ. ನೀವು ದಡದ ಕಡೆಗೆ ಮರಳುವಾಗ ಈ ಗಾಳಿ ಬೆನ್ನಿಗಿರುತ್ತದಲ್ಲ, ಒಳ್ಳೆಯದೇ ಆಯಿತು ಅನ್ನಿಸಬಹುದು. ಸಣ್ಣ ದೋಣಿಗೆ ಅದೇ ಕಷ್ಟ. ಹಿಂದಿನಿಂದ ಬಂದ ಅಲೆ ದೋಣಿಯ ಹಿಂಭಾಗವನ್ನು ಎತ್ತಿ ಅಡ್ಡಕ್ಕೆ ತಿರುಗಿಸಲು ನೋಡುತ್ತದೆ, ಅಡ್ಡ ತಿರುಗಿದ ದೋಣಿಯನ್ನು ಮುಂದಿನ ಅಲೆ ಮಗುಚುತ್ತದೆ. ಜೊತೆಗೆ, ನಾಲ್ಕು ಗಂಟೆಯ ದೋಣಿ ಎರಡು ಗಂಟೆ ತಡವಾದರೆ ಕತ್ತಲು ಕವಿಯುತ್ತದೆ. ಬೆಳಿಗ್ಗೆ ಒಂಬತ್ತು, ಹತ್ತರ ದೋಣಿ ತಡವಾದರೂ ಇಡೀ ಹಗಲು ಕೈಯಲ್ಲಿರುತ್ತದೆ.

ಇದಕ್ಕೆ ಉಬ್ಬರವಿಳಿತವನ್ನೂ ಸೇರಿಸಿಕೊಳ್ಳಿ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಮಾರನೆಯ ದಿನದ ಉಬ್ಬರ ಸುಮಾರು 50 ನಿಮಿಷ ತಡ. ಶನಿವಾರ ಒಂಬತ್ತಕ್ಕೆ ಉಬ್ಬರದಲ್ಲಿ ಸಲೀಸಾಗಿ ಇಳಿದಿದ್ದರೆ, ಭಾನುವಾರ ಅದೇ ಮಟ್ಟದ ನೀರು ಸುಮಾರು 9.50ಕ್ಕೆ ಸಿಗುತ್ತದೆ. ಅದೇ ಭಾನುವಾರ ಸಂಜೆ ನಾಲ್ಕಕ್ಕೆ ನೀರು ಇಳಿದು ತಳ ಮುಟ್ಟಿರುತ್ತದೆ: ಬೆಳಿಗ್ಗೆ ದೋಣಿ ತಾಗಿದ ಜಾಗದಲ್ಲಿ ಪಾಚಿಗಟ್ಟಿದ ಬಂಡೆ, ಕೆಸರು. ದೋಣಿ ದೂರದಲ್ಲಿ ನಿಲ್ಲುತ್ತದೆ, ನೀವು ಸಾಮಾನು ಹೊತ್ತು ಜಾರುವ ಕಲ್ಲುಗಳ ಮೇಲೆ ನಡೆಯಬೇಕು.

ನೀರು ಇಳಿಯುವ ವೇಗವೂ ಸಮನಾಗಿರುವುದಿಲ್ಲ. ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯ ಗಂಟೆಯಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು, ಐದರಲ್ಲಿ ಎರಡು, ಆರರಲ್ಲಿ ಒಂದು ಪಾಲು ಇಳಿಯುತ್ತದೆ. ಎರಡು ಮೀಟರ್ ಇಳಿತವಿರುವ ಕಡೆ ನಡುವಿನ ಎರಡೇ ಗಂಟೆಯಲ್ಲಿ ಒಂದು ಮೀಟರ್ ನೀರು ಹೋಗಿಬಿಡುತ್ತದೆ. ದ್ವೀಪಗಳ ನಡುವಿನ ಸೆಳೆತ ಹೆಚ್ಚಾಗಿ ಬಿರುಸಾಗುವುದೂ ಈ ನಡುಗಾಲದಲ್ಲೇ. ಹುಣ್ಣಿಮೆ, ಅಮಾವಾಸ್ಯೆಯಾದ ಒಂದೆರಡು ದಿನಕ್ಕೆ ಏರಿಳಿತ ಅತಿ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಮೊದಲ ಸಲ ಹೋಗುವವರು ಅಷ್ಟಮಿಯ ಹತ್ತಿರದ ವಾರಾಂತ್ಯ ಆರಿಸಿಕೊಳ್ಳುವುದು ಜಾಣತನ. ಎಲ್ಲ ಕಡೆ ಇದೇ ಲೆಕ್ಕ ನಡೆಯುವುದಿಲ್ಲ. ಮೆಡಿಟರೇನಿಯನ್‌ನಲ್ಲಿ ಏರಿಳಿತ ಬಹಳ ಕಡಿಮೆ, ಕೆಲವು ಕರಾವಳಿಗಳಲ್ಲಿ ದಿನಕ್ಕೆ ಒಂದೇ ಉಬ್ಬರ. ಆದ್ದರಿಂದ ಆ ದ್ವೀಪಕ್ಕೆ ಹತ್ತಿರದ ಬಂದರಿನ ಉಬ್ಬರದ ಕೋಷ್ಟಕವನ್ನೇ ನೋಡಬೇಕು.

ಹವಾಮಾನ ಓದುವುದು

ಮೊಬೈಲಿನ ಸಾಮಾನ್ಯ ಹವಾಮಾನ ಆ್ಯಪ್ ಹೇಳುವುದು ಊರಿನ ಹವೆ. ನಿಮಗೆ ಬೇಕಾದದ್ದು ಕಡಲ ಮುನ್ಸೂಚನೆ. ಅದರಲ್ಲಿ ಮೂರು ಸಂಗತಿ ನೋಡಿ: ಗಾಳಿಯ ವೇಗ ಮತ್ತು ದಿಕ್ಕು, ಅಲೆಯ ಎತ್ತರ, ಅಲೆಯ ಅವಧಿ.

ಗಾಳಿಯನ್ನು ನಾಟ್‌ಗಳಲ್ಲಿ ಹೇಳುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. ಹತ್ತು ನಾಟ್ ಇದ್ದದ್ದು ಇಪ್ಪತ್ತಾದರೆ ಗಾಳಿಯ ಒತ್ತಡ ದುಪ್ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಅಲೆಯ ಎತ್ತರ 1 ಮೀಟರ್ ಎಂದು ಬರೆದಿದ್ದರೆ ಅದು ಎಲ್ಲಕ್ಕಿಂತ ದೊಡ್ಡ ಅಲೆಯ ಅಳತೆಯಲ್ಲ, ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಭಾಗದ ಸರಾಸರಿ. ನಡುನಡುವೆ ಅದರ ಸುಮಾರು ಎರಡು ಪಟ್ಟು ಎತ್ತರದ ಅಲೆ ಬಂದೇ ಬರುತ್ತದೆ.

ಅವಧಿ ಅಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನದರ ನೆತ್ತಿಗೆ ಹಿಡಿಯುವ ಸೆಕೆಂಡುಗಳು. ಇದನ್ನು ಹೆಚ್ಚಿನವರು ಓದುವುದೇ ಇಲ್ಲ. ಐದಾರು ಸೆಕೆಂಡಿನ ಅಲೆ ಹತ್ತಿರದ ಗಾಳಿ ಎಬ್ಬಿಸಿದ್ದು, ದೋಣಿಯನ್ನು ಕುಲುಕುತ್ತದೆ. ಹನ್ನೆರಡು, ಹದಿನಾಲ್ಕು ಸೆಕೆಂಡಿನದು ದೂರದ ಬಿರುಗಾಳಿಯಿಂದ ಬಂದದ್ದು. ನಡುಗಡಲಲ್ಲಿ ಅದು ತಿಳಿಯುವುದೇ ಇಲ್ಲ, ದೋಣಿ ಮೆಲ್ಲಗೆ ಏರಿ ಇಳಿಯುತ್ತದೆ ಅಷ್ಟೆ. ಅದೇ ಅಲೆ ದ್ವೀಪದ ದಂಡೆಯ ತಗ್ಗು ನೀರಿಗೆ ಬಂದಾಗ ಎದ್ದು ನಿಂತು ಬಂಡೆಗೆ ಅಪ್ಪಳಿಸುತ್ತದೆ. ಗಾಳಿಯೇ ಇಲ್ಲದ ಶುಭ್ರ ದಿನದಲ್ಲೂ "ಇವತ್ತು ಇಳಿಸಲು ಆಗಲ್ಲ" ಎಂದು ದೋಣಿಯವರು ತಿರುಗಿಸಿಕೊಂಡು ಬರುವುದು ಇದಕ್ಕೇ. ಐರ್ಲೆಂಡಿನ ಸ್ಕೆಲ್ಲಿಗ್ ಮೈಕಲ್ ದ್ವೀಪಕ್ಕೆ ಬೇಸಿಗೆಯ ಋತುವಿನಲ್ಲೂ ಎಷ್ಟೋ ದಿನ ದೋಣಿಗಳು ಯಾರನ್ನೂ ಇಳಿಸಲಾಗದೆ ಉಳಿಯುತ್ತವೆ.

ಗಾಳಿ ಒಂದು ದಿಕ್ಕಿಗೆ, ನೀರಿನ ಸೆಳೆತ ಅದರ ಎದುರು ದಿಕ್ಕಿಗೆ ಇದ್ದರೆ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಅದೇ ಗಾಳಿಗೆ ಸೆಳೆತ ತಿರುಗಿದ ಮೇಲೆ ಸಮುದ್ರ ಶಾಂತವಾಗುವುದೂ ಉಂಟು. ಎರಡು ಗಂಟೆ ಕಾಯೋಣ ಎಂದು ದೋಣಿಯವರು ಹೇಳಿದರೆ ಅದರ ಹಿಂದೆ ಬಹುಪಾಲು ಈ ಲೆಕ್ಕವಿರುತ್ತದೆ, ಅವಸರ ಮಾಡಬೇಡಿ.

ಮಗುವಿರುವ ಗುಂಪಿಗೆ, ಸಣ್ಣ ತೆರೆದ ದೋಣಿಗೆ ನಾನು ಹಾಕುವ ಗೆರೆ ಇದು: ಶನಿವಾರ, ಭಾನುವಾರ, ಸೋಮವಾರ ಮೂರೂ ದಿನದ ಮುನ್ಸೂಚನೆಯಲ್ಲಿ ಗಾಳಿ 15 ನಾಟ್ ಮೀರಬಾರದು, ಅಲೆ ಒಂದು ಮೀಟರ್ ದಾಟಬಾರದು. ಶನಿವಾರ ಚೆನ್ನಾಗಿದ್ದು ಭಾನುವಾರ ಗಾಳಿ ಏರುತ್ತದೆ ಎಂದಿದ್ದರೆ ಹೊರಡಲೇಬೇಡಿ, ದ್ವೀಪದಲ್ಲಿ ಸಿಕ್ಕಿಬೀಳುವವರು ಹೆಚ್ಚಾಗಿ ಹೊರಡುವುದು ಇಂಥ ವಾರಾಂತ್ಯದಲ್ಲೇ. ಗಾಳಿಯ ದಿಕ್ಕು ಬದಲಾಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ದ್ವೀಪದ ಮರೆಯಲ್ಲಿದ್ದ ಇಳಿದಾಣ ಗಾಳಿ ತಿರುಗಿದರೆ ನೇರ ಹೊಡೆತಕ್ಕೆ ಸಿಗುತ್ತದೆ. ದ್ವೀಪದ ಇನ್ನೊಂದು ಮಗ್ಗುಲಲ್ಲಿ ಹತ್ತಿಕೊಳ್ಳಲು ಜಾಗವಿದೆಯೇ, ಅಲ್ಲಿಗೆ ನಡೆದು ಹೋಗಲು ದಾರಿಯಿದೆಯೇ ಎಂದು ಮೊದಲೇ ವಿಚಾರಿಸಿ.

ದೋಣಿಯವರನ್ನು ಕೇಳಬೇಕಾದದ್ದು

ಹಣದ ಮಾತಿಗೆ ಮುಂಚೆ ದೋಣಿಯನ್ನು ಕಣ್ಣಾರೆ ನೋಡಿ. ಎಷ್ಟು ಜನ, ಎಷ್ಟು ತೂಕ ಎಂಬ ಪರವಾನಗಿ ಫಲಕ ಇರಬೇಕು. ತೂಕದ ಲೆಕ್ಕದಲ್ಲಿ ಸಾಮಾನೂ ಸೇರುತ್ತದೆ. ನಿಮ್ಮ ನೀರೇ 60 ಕಿಲೋ ಆಗುತ್ತದೆ, ಅಂದರೆ ಹೆಚ್ಚುಕಡಿಮೆ ಇನ್ನೊಬ್ಬ ಪ್ರಯಾಣಿಕ. ಇಂಧನ ಎಷ್ಟಿರುತ್ತದೆ ಎಂದು ಕೇಳಿ. ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಕಾಪಿಡಲು ಎಂಬುದು ಕಡಲಿನವರ ಹಳೆಯ ಲೆಕ್ಕ. ಎಂಜಿನ್ ಕೈಕೊಟ್ಟರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಎರಡನೇ ಎಂಜಿನ್, ಲಂಗರು ಮತ್ತು ರೇಡಿಯೊ ಎಂಬ ಉತ್ತರ ಬರಬೇಕು. "ಹಾಗೆಲ್ಲ ಆಗುವುದಿಲ್ಲ" ಎಂದರೆ ಬೇರೆ ದೋಣಿ ಹುಡುಕಿ.

ಮರಳುವ ಒಪ್ಪಂದವನ್ನು ಬಿಡಿಸಿ ಮಾತಾಡಿಕೊಳ್ಳಿ. ಬರುವ ಹೊತ್ತು, ಜಾಗ ಎರಡಕ್ಕೂ ಒಂದೊಂದು ಪರ್ಯಾಯ ಇರಲಿ. ಸಮುದ್ರ ಕೆಟ್ಟು ಬರಲಾಗದಿದ್ದರೆ ಮಾರನೆಯ ದಿನ ಯಾವ ಹೊತ್ತಿಗೆ ಪ್ರಯತ್ನಿಸುತ್ತಾರೆ? ಅವರ ದೋಣಿಯೇ ಕೆಟ್ಟರೆ ಯಾರು ಬರುತ್ತಾರೆ? ಬರಲಾಗುವುದಿಲ್ಲ ಎಂಬುದನ್ನು ನಿಮಗೆ ಹೇಗೆ ತಿಳಿಸುತ್ತಾರೆ? ಈ ಉತ್ತರಗಳನ್ನು ಕಾಗದದಲ್ಲಿ ಬರೆದು ಒಂದು ಪ್ರತಿ ಅವರಿಗೆ ಕೊಡಿ. ಅಲ್ಲಿ ರಾತ್ರಿ ತಂಗಲು ಅನುಮತಿ ಬೇಕೇ, ಎಷ್ಟು ಜನಕ್ಕೆ ಮಿತಿ, ಯಾವ ತಿಂಗಳು ಮುಚ್ಚಿರುತ್ತದೆ ಎಂಬುದನ್ನು ಮಾತ್ರ ದೋಣಿಯವರ ಬಾಯಿಮಾತಿಗೆ ಬಿಡದೆ ದ್ವೀಪದ ಉಸ್ತುವಾರಿ ಇರುವ ಇಲಾಖೆಯಲ್ಲೇ ಕೇಳಬೇಕು. ಹಕ್ಕಿಗಳು ಮೊಟ್ಟೆಯಿಡುವ ಕಾಲಕ್ಕೆ ಎಷ್ಟೋ ದ್ವೀಪಗಳು ಮುಚ್ಚುತ್ತವೆ. ಅಮೆರಿಕದ ಸುಪೀರಿಯರ್ ಸರೋವರದ ಐಲ್ ರಾಯಲ್ ರಾಷ್ಟ್ರೀಯ ಉದ್ಯಾನ ಚಳಿಗಾಲದ ಬಿರುಸಿಗೆ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಬಾಗಿಲು ಹಾಕುತ್ತದೆ.

ಲೈಫ್ ಜಾಕೆಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಜಾಕೆಟ್ಟಿನ ಒಳಗಿನ ಚೀಟಿಯಲ್ಲಿ ಅದರ ತೇಲುಬಲ ನ್ಯೂಟನ್ ಲೆಕ್ಕದಲ್ಲಿರುತ್ತದೆ. 50 ನ್ಯೂಟನ್ನಿನದು ಈಜು ಬಲ್ಲವರಿಗೆ, ದಡದ ಹತ್ತಿರಕ್ಕೆ, ಸಹಾಯ ಕೈಗೆಟಕುವಲ್ಲಿ. 100ರದ್ದು ಮರೆಯಿರುವ ನೀರಿಗೆ, 150ರದ್ದು ತೆರೆದ ಕಡಲಿಗೆ. 14 ಕಿ.ಮೀ. ದಾಟುವ ನಿಮಗೆ 150ರದ್ದು ಸಿಕ್ಕರೆ ಒಳ್ಳೆಯದು, 100ಕ್ಕಿಂತ ಕಡಿಮೆಯದು ಬೇಡ. ಮಗಳಿಗೆ ದೊಡ್ಡವರ ಜಾಕೆಟ್ ಬಿಗಿದು ಕಟ್ಟಿ ಸಮಾಧಾನಪಟ್ಟುಕೊಳ್ಳಬೇಡಿ. ಅವಳ ತೂಕಕ್ಕೆ ಹೊಂದುವ, ತಲೆಯ ಹಿಂದೆ ತೇಲುವ ಕಾಲರ್ ಇರುವ, ಕಾಲುಗಳ ನಡುವೆ ಪಟ್ಟಿ ಇರುವ ಜಾಕೆಟ್ ಬೇಕು. ತೊಡಿಸಿ, ಎಲ್ಲ ಬಕಲ್ ಹಾಕಿ, ಎರಡೂ ಭುಜದ ಪಟ್ಟಿ ಹಿಡಿದು ಮಗುವನ್ನು ಮೆಲ್ಲಗೆ ಮೇಲೆತ್ತಿ ನೋಡಿ. ಜಾಕೆಟ್ ಕಿವಿಯ ಮಟ್ಟಕ್ಕೆ ಜಾರಿದರೆ, ನೀರಿನಲ್ಲಿ ಅದು ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಈ ಪರೀಕ್ಷೆ ಮನೆಯಲ್ಲೇ ಆಗಲಿ. ದೋಣಿಯವರಲ್ಲಿ ಮಕ್ಕಳ ಅಳತೆಯದು ಇರುವುದು ಅಪರೂಪ, ನೀವೇ ಒಯ್ಯಿರಿ. ಎಲ್ಲರೂ ಧಕ್ಕೆಯ ಮೇಲೆಯೇ ತೊಟ್ಟು ದೋಣಿ ಹತ್ತಬೇಕು. ಬಿದ್ದ ಮೇಲೆ ನೀರಿನಲ್ಲಿ ಜಾಕೆಟ್ ತೊಡುವುದು ಚೆನ್ನಾಗಿ ಈಜುವವರಿಗೂ ಆಗದ ಕೆಲಸ.

ತಣ್ಣೀರಿನ ಪ್ರದೇಶವಾದರೆ ಜಾಕೆಟ್ಟಿನ ಬೆಲೆ ಇನ್ನೂ ಹೆಚ್ಚು. ತೀರ ತಣ್ಣಗಿನ ನೀರಿಗೆ ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರು ಕೈಗೆ ಸಿಗುವುದಿಲ್ಲ, ಸುಮಾರು ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ, ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಬಿದ್ದವರು ಪ್ರಾಣ ಬಿಡುವುದು ಬಹಳ ಸಲ ಆ ಮೊದಲ ನಿಮಿಷದಲ್ಲಿ, ನೀರು ಕುಡಿದು. ಆ ಒಂದು ನಿಮಿಷ ಮುಖವನ್ನು ನೀರಿನ ಮೇಲೆ ಹಿಡಿದಿಡುವುದು ಜಾಕೆಟ್ ಮಾತ್ರ.

ನೀರು, ಊಟ, ಸಾಮಾನು

ಕುಡಿಯಲು, ಅಡುಗೆಗೆ, ಕೈ ಬಾಯಿ ತೊಳೆಯಲು ಸೇರಿ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಇಟ್ಟುಕೊಳ್ಳಿ. ಐವರಿಗೆ ಎರಡು ದಿನಕ್ಕೆ 40 ಲೀಟರ್, ದೋಣಿ ಬಾರದ ಒಂದು ದಿನಕ್ಕೆ 20, ಒಟ್ಟು 60. ಸೆಕೆ ಹೆಚ್ಚಿದ್ದರೆ ತಲೆಗೆ ಐದು ಲೀಟರ್ ಮಾಡಿ. ಇದನ್ನು 20 ಲೀಟರಿನ ಮೂರು ಕ್ಯಾನುಗಳಲ್ಲಿ ತುಂಬಬೇಡಿ, ಐದು ಅಥವಾ ಹತ್ತು ಲೀಟರಿನ ಕ್ಯಾನುಗಳಿರಲಿ. ಓಲಾಡುವ ದೋಣಿಯಿಂದ 20 ಕಿಲೋ ಕೈಯಿಂದ ಕೈಗೆ ದಾಟಿಸುವಾಗ ಬೆನ್ನು ಹಿಡಿಯುತ್ತದೆ, ಇಲ್ಲವೇ ಕ್ಯಾನು ಜಾರಿ ಬಂಡೆಗೆ ಬಡಿದು ಒಡೆಯುತ್ತದೆ. ಸಣ್ಣ ಕ್ಯಾನು ಒಡೆದರೆ ಹೋಗುವುದು ಐದೇ ಲೀಟರ್. ಬಾಯಿತನಕ ತುಂಬದೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಮುಚ್ಚಳ ಬಿಗಿಯಿರಿ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಒಳಗೆ ಸ್ವಲ್ಪ ಗಾಳಿಯೂ ಇದ್ದರೆ ಸಮುದ್ರಕ್ಕೆ ಬಿದ್ದ ಕ್ಯಾನು ತೇಲುತ್ತದೆ. ಆ ಹೆಚ್ಚುವರಿ 20 ಲೀಟರಿಗೆ ಟೇಪ್ ಸುತ್ತಿ ಗುರುತು ಮಾಡಿ, ಭಾನುವಾರ ದೋಣಿ ಬರಬೇಕಾದ ಹೊತ್ತು ಮೀರುವವರೆಗೆ ಮುಟ್ಟಬೇಡಿ.

ದ್ವೀಪದಲ್ಲಿ ಹೊಂಡದ ನೀರು ಸಿಕ್ಕರೂ ಹಕ್ಕಿಗಳ ಹಿಕ್ಕೆ ಸೇರಿರುತ್ತದೆ, ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸದೆ ಕುಡಿಯಬಾರದು. ಉಪ್ಪು ಬೆರೆತ ನೀರಾದರೆ ಕುದಿಸಿದರೂ ಸೋಸಿದರೂ ಪ್ರಯೋಜನವಿಲ್ಲ, ಮಾಮೂಲಿ ಫಿಲ್ಟರ್ ಉಪ್ಪನ್ನು ತಡೆಯುವುದಿಲ್ಲ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಷ್ಟನ್ನು ಹೊರಹಾಕಲು ಮೂತ್ರಪಿಂಡಗಳಿಗೆ ಕುಡಿದದ್ದಕ್ಕಿಂತ ಹೆಚ್ಚು ನೀರು ಬೇಕು. ಹಾಗಾಗಿ ಕುಡಿದಷ್ಟೂ ಮೈ ಒಣಗುತ್ತದೆ.

ಊಟದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹೆಚ್ಚುವರಿ ದಿನದ ಊಟ ಬೇಯಿಸದೆ ತಿನ್ನುವಂಥದ್ದಾಗಿರಲಿ, ಏಕೆಂದರೆ ಅನಿಲವೂ ನೀರೂ ಉಳಿಯುತ್ತವೆ. ಬಹಳ ದ್ವೀಪಗಳಲ್ಲಿ ಸೌದೆ ಒಲೆಗೆ ನಿಷೇಧವಿದೆ. ಗ್ಯಾಸ್ ಸ್ಟವ್ ಮತ್ತು ಗಾಳಿಗೆ ಮರೆಯಾಗುವ ತಗಡು ಒಯ್ಯಿರಿ, ಟೆಂಟಿನ ಒಳಗೆ ಹಚ್ಚಬೇಡಿ. ಬೆಂಕಿಗೆ ಅನುಮತಿಯಿದ್ದು ಮರಳಿನಲ್ಲಿ ಹಾಕಿದರೆ, ಆರಿಸುವಾಗ ಮರಳು ಮುಚ್ಚಬೇಡಿ. ಮುಚ್ಚಿದ ಕೆಂಡ ಗಂಟೆಗಟ್ಟಲೆ ಬಿಸಿ ಹಿಡಿದಿರುತ್ತದೆ, ಮೇಲೆ ಏನೂ ಕಾಣುವುದಿಲ್ಲ, ಬರಿಗಾಲಿನಲ್ಲಿ ಓಡುವ ಮಕ್ಕಳ ಪಾದ ಸುಡುತ್ತದೆ. ನೀರು ಸುರಿದು, ಕಲಕಿ, ಕೈಯಿಟ್ಟು ತಣ್ಣಗಿರುವುದನ್ನು ಖಚಿತಪಡಿಸಿಕೊಳ್ಳಿ.

ಸಾಮಾನನ್ನು ರಟ್ಟಿನ ಪೆಟ್ಟಿಗೆಯಲ್ಲಿ ಒಯ್ಯಬೇಡಿ. ಒದ್ದೆಯಾದರೆ ಅಡಿ ಬಿಚ್ಚಿಕೊಳ್ಳುತ್ತದೆ ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೇರೆ: ಅದರ ಮಡಿಕೆಗಳಲ್ಲಿ ಇರುವೆ, ಜಿರಲೆ, ಮೊಟ್ಟೆಗಳು ಪ್ರಯಾಣ ಮಾಡುತ್ತವೆ. ನೆಲದಲ್ಲಿ ಗೂಡು ಮಾಡುವ ಹಕ್ಕಿಗಳಿರುವ ದ್ವೀಪಕ್ಕೆ ಬಸುರಿ ಇಲಿಯೊಂದು ದಾಟಿದರೂ ಸಾಕು, ಕೆಲವೇ ವರ್ಷದಲ್ಲಿ ಗೂಡುಗಳು ಬರಿದಾಗುತ್ತವೆ. ಕ್ಯಾಲಿಫೋರ್ನಿಯದ ಅನಕಾಪ ದ್ವೀಪದಲ್ಲಿ ಹಡಗುಗಳಿಂದ ಬಂದು ನೆಲೆಸಿದ್ದ ಇಲಿಗಳನ್ನು 2001–02ರಲ್ಲಿ ಪೂರ್ತಿ ತೆಗೆದ ಮೇಲೆಯೇ ಅಲ್ಲಿನ ಕಡಲ ಹಕ್ಕಿಗಳು ಚೇತರಿಸಿಕೊಂಡವು. ನ್ಯೂಜಿಲೆಂಡಿನ ಕಾಪಿಟಿ ದ್ವೀಪಕ್ಕೆ ಹೋಗುವವರು ಹೊರಡುವ ಮುನ್ನ ಚೀಲಗಳನ್ನು ಬಿಚ್ಚಿ ಪರೀಕ್ಷಿಸಬೇಕು. ನಿಮ್ಮ ದ್ವೀಪದಲ್ಲಿ ಯಾರೂ ಕೇಳದಿದ್ದರೂ ನೀವೇ ಮಾಡಿ: ಮುಚ್ಚಳ ಕೂರುವ ಪ್ಲಾಸ್ಟಿಕ್ ಡಬ್ಬಿ, ಹಿಂದಿನ ದಿನ ತೊಳೆದ ಚಪ್ಪಲಿ ಬೂಟು, ಕೊಡವಿ ಮಡಚಿದ ಟೆಂಟು. ಕಾಲುಚೀಲ, ವೆಲ್ಕ್ರೊಗಳಿಗೆ ಅಂಟಿದ ಹುಲ್ಲಿನ ಬೀಜ ಕಿತ್ತುಬಿಡಿ.

ಊಟದ ಡಬ್ಬಿಗೆ ಗಟ್ಟಿ ಕೊಂಡಿಯೂ ಬೇಕು. ಅನಕಾಪ ಸೇರಿರುವ ಚಾನೆಲ್ ಐಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಕಾಡುಕಾಗೆಗಳೂ ಪುಟ್ಟ ನರಿಗಳೂ ಚೀಲದ ಜಿಪ್ ಎಳೆದು ತೆರೆಯುವುದನ್ನು ಕಲಿತಿವೆ. ಜನ ತಂಗುವ ಯಾವ ದ್ವೀಪದಲ್ಲೂ ಇಂಥ ಜಾಣ ಪ್ರಾಣಿಗಳಿರಬಹುದು. ಹೆಚ್ಚುವರಿ ದಿನದ ಊಟವನ್ನೇ ಅವು ಹೊತ್ತೊಯ್ದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು.

ಇಳಿಯುವ ಗಳಿಗೆ

ಇಡೀ ಪ್ರಯಾಣದಲ್ಲಿ ಮೂಳೆ ಮುರಿಯುವುದು ಹೆಚ್ಚಾಗಿ ದೋಣಿಯಿಂದ ಇಳಿಯುವ ಆ ಕೆಲವು ಸೆಕೆಂಡುಗಳಲ್ಲಿ. ದ್ವೀಪ ಹತ್ತಿರ ಬಂದಾಗ ಫೋಟೊಕ್ಕೆಂದು ಎಲ್ಲರೂ ಒಂದೇ ಮಗ್ಗುಲಿಗೆ ಎದ್ದು ಬರುವುದು ಮೊದಲ ತಪ್ಪು, ಸಣ್ಣ ದೋಣಿ ವಾಲಿ ಮಗುಚುವುದು ಹೀಗೆ. ಚಾಲಕರು ಹೆಸರು ಹಿಡಿದು ಕರೆಯುವ ತನಕ ಕುಳಿತೇ ಇರಿ.

ಕಲ್ಲಿನ ಕಟ್ಟೆಗೋ ಏಣಿಗೋ ಇಳಿಯುವುದಾದರೆ ದೋಣಿ ಅಲೆಯೊಂದಿಗೆ ಏರಿ ಇಳಿಯುತ್ತಿರುತ್ತದೆ. ಏರಿದ ದೋಣಿ ನೆತ್ತಿಯಲ್ಲಿ ಅರೆಕ್ಷಣ ನಿಂತಂತಾಗುತ್ತದೆ. ಹೆಜ್ಜೆ ಇಡಬೇಕಾದದ್ದು ಆಗ. ಇಳಿಯತೊಡಗಿದ ಮೇಲೆ ಕಾಲು ಚಾಚಿದರೆ ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ಕೆಳಗೆ ಹೋಗುತ್ತಿರುವ ದೋಣಿಯಲ್ಲಿ. ನಡುವೆ ಬಿದ್ದ ಕಾಲನ್ನು ಮುಂದಿನ ಅಲೆ ಕಟ್ಟೆಗೆ ಒತ್ತಿಬಿಡುತ್ತದೆ. ಎರಡು ಮೂರು ಅಲೆ ಸುಮ್ಮನೆ ನೋಡಿ, ತಾಳ ತಿಳಿದ ಮೇಲೆ, ಅನುಮಾನವಿಲ್ಲದೆ ಒಂದೇ ಹೆಜ್ಜೆ ಹಾಕಿ. ಹಾರಬಾರದು. ಎರಡೂ ಕೈ ಖಾಲಿ ಇರಬೇಕು, ಬೆನ್ನಿನಲ್ಲಿ ಚೀಲ ಬೇಡ. ಮೊದಲು ಒಬ್ಬ ಗಟ್ಟಿಮುಟ್ಟಾದವರು ಇಳಿದು ನಿಲ್ಲಲಿ, ಆಮೇಲೆ ಅಪ್ಪ, ಮಗಳು, ಎಲ್ಲ ಮುಗಿದ ಮೇಲೆ ಸಾಮಾನು.

ಮರಳ ದಂಡೆಗಾದರೆ ದೋಣಿಯ ಮೂತಿಯ ಕಡೆಯಿಂದ ಇಳಿಯಿರಿ. ಹಿಂದೆ ಎಂಜಿನ್ನಿನ ರೆಕ್ಕೆ ಇರುತ್ತದೆ, ಎಂಜಿನ್ ಆಫ್ ಆಗದೆ ಆ ಕಡೆ ಯಾರೂ ಸುಳಿಯಬಾರದು. ಇಳಿದ ತಕ್ಷಣ ದೋಣಿಯ ಮತ್ತು ದಡದ ನಡುವಿನಿಂದ ಪಕ್ಕಕ್ಕೆ ಸರಿಯಿರಿ. ಮೊಣಕಾಲು ಮಟ್ಟದ ನೀರಿನಲ್ಲೂ ಒಂದು ಅಲೆ ದೋಣಿಯನ್ನು ಎತ್ತಿ ನಿಂತವರ ಮೇಲೆ ಹಾಕಬಲ್ಲದು. ಹಳೆಯ ಬೂಟು ಇಲ್ಲವೇ ಹಿಂಪಟ್ಟಿಯಿರುವ ಚಪ್ಪಲಿ ಇರಲಿ. ಬಂಡೆಗೆ ಅಂಟಿದ ಚಿಪ್ಪುಗಳು ಬರಿಗಾಲನ್ನು ಕೊಯ್ಯುತ್ತವೆ, ಆ ಗಾಯ ಬೇಗ ಕೀವಾಗುತ್ತದೆ. ಆದ ಕೂಡಲೇ ಸಿಹಿನೀರಿನಲ್ಲಿ ತೊಳೆದು ಚಿಪ್ಪಿನ ಚೂರು ತೆಗೆಯಬೇಕು.

ಹೊಟ್ಟೆ ತೊಳಸುವವರು ಮಾತ್ರೆಯನ್ನು ದೋಣಿ ಹೊರಡುವ ಮೊದಲೇ, ಚೀಟಿಯಲ್ಲಿ ಹೇಳಿದ ಹೊತ್ತಿಗೆ ನುಂಗಬೇಕು. ತಲೆ ಸುತ್ತಿದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮಗುವಿಗೂ ಬೇರೆ ಔಷಧಿ ತೆಗೆದುಕೊಳ್ಳುವ ಅಪ್ಪನಿಗೂ ವೈದ್ಯರನ್ನು ಕೇಳಿಯೇ ಕೊಡಿ. ಕೂರಲು ದೋಣಿಯ ನಡುಭಾಗ, ನೋಟ ದಿಗಂತದ ಮೇಲೆ.

ಟೆಂಟು ಹಾಕುವ ಜಾಗ

ದಂಡೆಯಲ್ಲಿ ಒಣಗಿದ ಪಾಚಿ, ಕಡ್ಡಿ, ಚಿಪ್ಪುಗಳ ಸಾಲುಗಳು ಕಾಣುತ್ತವೆ. ಎಲ್ಲಕ್ಕಿಂತ ಮೇಲಿನ ಸಾಲಿಗಿಂತಲೂ ಮೇಲೆ ಟೆಂಟಿರಬೇಕು. ಹಗಲು ಕಂಡ ಉಬ್ಬರವೇ ಕೊನೆಯೆಂದು ತಿಳಿಯಬೇಡಿ, ದಿನದ ಎರಡು ಉಬ್ಬರಗಳು ಒಂದೇ ಎತ್ತರದವಲ್ಲ, ರಾತ್ರಿಯದೇ ದೊಡ್ಡದಿರಬಹುದು. ಸಡಿಲ ಮರಳಿನಲ್ಲಿ ಮಾಮೂಲಿ ಗೂಟ ನಿಲ್ಲುವುದಿಲ್ಲ. ಗಟ್ಟಿ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದಡಿ ಆಳಕ್ಕೆ ಹೂತು ಮೇಲೆ ತುಳಿದರೆ ಬಿರುಗಾಳಿಗೂ ಜಗ್ಗುವುದಿಲ್ಲ. ನೆಲದಲ್ಲಿ ಬಿಲಗಳಿದ್ದರೆ ಅಲ್ಲಿಂದ ದೂರ ಸರಿಯಿರಿ, ಅವು ಹಕ್ಕಿಗಳ ಗೂಡಾಗಿರಬಹುದು, ತುಳಿದರೆ ಕುಸಿಯುತ್ತವೆ. ಗುಡ್ಡದ ನೆತ್ತಿ ಸಿಡಿಲಿಗೆ ಬೇಡ.

ಶೌಚಾಲಯ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ, ಮಣ್ಣು ಆಳವಿರುವ ಕಡೆ ನೀರಿನಿಂದಲೂ ದಾರಿಯಿಂದಲೂ ಟೆಂಟಿನಿಂದಲೂ 60 ಮೀಟರ್ ದೂರದಲ್ಲಿ 15ರಿಂದ 20 ಸೆಂ.ಮೀ. ಗುಂಡಿ ತೋಡಿ ಮುಚ್ಚಬೇಕು. ಬಂಡೆಯ ಮೇಲೆ ತೆಳ್ಳಗೆ ಮಣ್ಣಿರುವ ಪುಟ್ಟ ದ್ವೀಪದಲ್ಲಿ ಇದು ನಡೆಯುವುದಿಲ್ಲ. ಮಲವನ್ನೂ ಚೀಲದಲ್ಲಿ ಕಟ್ಟಿ, ಮುಚ್ಚಳವಿರುವ ಬಕೆಟ್ಟಿನಲ್ಲಿ ಮರಳಿ ತರಬೇಕು. ಮುಜುಗರದ ವಿಷಯವೆಂದು ಇದನ್ನು ಬಿಟ್ಟುಬಿಡುವವರೇ ಹೆಚ್ಚು. ನಿಮ್ಮ ಐವರ ಹಿಂದೆ ಪ್ರತಿ ವಾರ ಬರುವ ಗುಂಪುಗಳನ್ನು ನೆನೆಯಿರಿ, ಅಷ್ಟು ಮಣ್ಣು ಆ ದ್ವೀಪದಲ್ಲಿಲ್ಲ.

ಈಜುವ ಮುನ್ನ ಸೆಳೆತ ನೋಡಿ. ಅಲೆ ಒಡೆಯದೆ ನೀರು ನಯವಾಗಿ, ಕಪ್ಪಗೆ ಕಾಣುವ ಓಣಿ ಸುರಕ್ಷಿತವೆನ್ನಿಸುತ್ತದೆ, ನೀರು ಹೊರಕ್ಕೆ ಹರಿಯುವುದು ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ. ಇಳಿತದಲ್ಲಿ ಮರಳದಿಬ್ಬದ ಮೇಲೆ ನಡೆದು ಪಕ್ಕದ ಕುದ್ರುವಿಗೆ ಹೋಗುವವರು, ನೀರು ಏರತೊಡಗುವ ಮುನ್ನವೇ ಹಿಂತಿರುಗಿರಬೇಕು.

ದೋಣಿ ಬಾರದಿದ್ದರೆ

ದಡದಲ್ಲಿ ಒಬ್ಬ ಹೊಣೆಗಾರ ಇರಲೇಬೇಕು. ಅವರ ಕೈಗೆ ಒಂದು ಹಾಳೆ ಕೊಡಿ: ಐವರ ಹೆಸರು, ವಯಸ್ಸು, ಕಾಯಿಲೆ ಔಷಧಿಗಳ ವಿವರ, ದೋಣಿಯ ಹೆಸರು, ನೋಂದಣಿ ಸಂಖ್ಯೆ, ಚಾಲಕರ ಫೋನ್, ಇಳಿಯುವ ಮತ್ತು ಹತ್ತುವ ಜಾಗ, ಮರಳುವ ಹೊತ್ತು. ಜೊತೆಗೆ ಒಂದು ಸ್ಪಷ್ಟ ಗಡುವು: "ಭಾನುವಾರ ಮಧ್ಯಾಹ್ನ ಎರಡರ ತನಕ ನಮ್ಮಿಂದ ಸುದ್ದಿಯಿಲ್ಲದಿದ್ದರೆ ಚಾಲಕರಿಗೆ ಫೋನ್ ಮಾಡು, ಅವರೂ ಸಿಗದಿದ್ದರೆ ಕರಾವಳಿ ರಕ್ಷಣೆಯವರಿಗೆ ತಿಳಿಸು." ಮರಳಿದ ಮೇಲೆ ಮೊದಲ ಕರೆ ಅವರಿಗೇ ಹೋಗಬೇಕು, ಇಲ್ಲವಾದರೆ ನೀವು ಮನೆಯಲ್ಲಿ ಊಟ ಮಾಡುತ್ತಿರುವಾಗ ರಕ್ಷಣಾ ದೋಣಿ ನಿಮ್ಮನ್ನು ಹುಡುಕುತ್ತಿರುತ್ತದೆ.

ಸಿಗ್ನಲ್ ಇಲ್ಲದ ಕಡೆ ಫೋನ್ ಟವರ್ ಹುಡುಕುತ್ತಲೇ ಬ್ಯಾಟರಿ ಮುಗಿಸಿಕೊಳ್ಳುತ್ತದೆ. ಒಂದು ಫೋನನ್ನು ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡಿ, ನೀರು ಸೋಕದ ಚೀಲದಲ್ಲಿ ಎತ್ತಿಡಿ. ದಡಕ್ಕೆ ಮುಖಮಾಡಿದ ಎತ್ತರದಲ್ಲಿ ಕರೆ ಹೋಗದಿದ್ದರೂ ಎಸ್ಸೆಮ್ಮೆಸ್ ಹೋಗುವ ಸಾಧ್ಯತೆ ಇದೆ. ಸಮುದ್ರದ ವಿಎಚ್‌ಎಫ್ ರೇಡಿಯೊದಲ್ಲಿ ತುರ್ತು ಕರೆಗೆ ಚಾನೆಲ್ 16. ಅದರ ಅಲೆಗಳು ನೇರ ಹಾಯುವಂಥವು, ನಡುವೆ ಗುಡ್ಡವಿದ್ದರೆ ತಲುಪುವುದಿಲ್ಲ, ಹಾಗಾಗಿ ಎತ್ತರಕ್ಕೆ ಹತ್ತಿ ಮಾತಾಡಬೇಕು. 406 ಮೆಗಾಹರ್ಟ್ಸ್‌ನ ವೈಯಕ್ತಿಕ ಬೀಕನ್ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಸಂದೇಶ ಹೋಗುತ್ತದೆ, ಆದರೆ ಮೊದಲೇ ನೋಂದಾಯಿಸಿರಬೇಕು. ಉಪಗ್ರಹ ಫೋನ್, ಸಂದೇಶ ಸಾಧನಗಳನ್ನು ಕೊಳ್ಳುವ ಮುನ್ನ ಅಲ್ಲಿನ ಕಾನೂನು ತಿಳಿದುಕೊಳ್ಳಿ. ಭಾರತವೂ ಸೇರಿದಂತೆ ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಇವನ್ನು ಇಟ್ಟುಕೊಳ್ಳುವುದು ಅಪರಾಧ. ಯಾವುದೂ ಇಲ್ಲದಿದ್ದರೆ ಕನ್ನಡಿ, ಸೀಟಿ, ಟಾರ್ಚ್ ಇರಲಿ. ಯಾವುದನ್ನೇ ಆದರೂ ಮೂರು ಸಲ, ಬಿಟ್ಟು ಮತ್ತೆ ಮೂರು ಸಲ.

ಹೇಳಿದ ಹೊತ್ತಿಗೆ ದೋಣಿ ಕಾಣದಿದ್ದರೆ ಟೆಂಟು ಬಿಚ್ಚಬೇಡಿ, ಬಿಚ್ಚಿದ್ದರೆ ಮತ್ತೆ ಹಾಕಿ ನೆರಳು ಮಾಡಿಕೊಳ್ಳಿ. ಒಬ್ಬರು ಸರದಿಯಂತೆ ಹತ್ತುವ ಜಾಗದಲ್ಲಿ ಕಾವಲಿರಲಿ. ಊಟದಲ್ಲಿ ಹಿಡಿತ ಮಾಡಿ, ನೀರಿನಲ್ಲಿ ಮಾಡಬೇಡಿ. ಬಾಯಾರಿದವರಿಗೆ ಕೊಡದೆ ಉಳಿಸಿಟ್ಟ ನೀರು ಅವರನ್ನು ತಲೆಸುತ್ತಿ ಬೀಳಿಸುತ್ತದೆ. ಅದರ ಬದಲು ಬಿಸಿಲಲ್ಲಿ ಓಡಾಡುವುದನ್ನು ನಿಲ್ಲಿಸಿ. ಹಾದುಹೋಗುವ ದೋಣಿ ನಿಂತು ಕರೆದರೂ ಅದರಲ್ಲಿ ಆಗಲೇ ಜನ ತುಂಬಿದ್ದರೆ ಹತ್ತಬೇಡಿ, ಸುದ್ದಿ ಮುಟ್ಟಿಸಲು ಹೇಳಿ ಸಾಕು.

ಅಪ್ಪ ಮತ್ತು ಮಗಳು

ಮಗಳ ವಿಷಯ ಸುಲಭ. ಅಳತೆಗೆ ಸರಿಯಾದ ಜಾಕೆಟ್ ಸಿಕ್ಕರೆ, ನೀರಿನ ಹತ್ತಿರ ಸದಾ ಕೈಗೆಟಕುವ ದೂರದಲ್ಲಿ ಒಬ್ಬರಿದ್ದರೆ ಕರೆದೊಯ್ಯಬಹುದು. ಆ ಒಬ್ಬರು ಯಾರೆಂದು ಗಂಟೆಗಳ ಲೆಕ್ಕದಲ್ಲಿ ಹಂಚಿಕೊಳ್ಳಿ. ಎಲ್ಲರೂ ನೋಡುತ್ತಿದ್ದೇವೆ ಅಂದುಕೊಂಡಾಗಲೇ ಯಾರೂ ನೋಡುತ್ತಿರುವುದಿಲ್ಲ.

ಅಪ್ಪನ ವಿಷಯದಲ್ಲಿ 68 ಎಂಬ ವಯಸ್ಸು ಅಡ್ಡಿಯಲ್ಲ. ಮೊಣಕಾಲು, ಕೈಹಿಡಿತ, ಔಷಧಿ ಈ ಮೂರು ನೋಡಬೇಕು. ಇಳಿದಾಣ ಎಂಥದ್ದು ಎಂದು ದೋಣಿಯವರಿಂದ ಫೋಟೊ ತರಿಸಿಕೊಳ್ಳಿ, ಇಳಿತದ ಹೊತ್ತಿನಲ್ಲಿ ತೆಗೆದದ್ದನ್ನೇ ಕೇಳಿ. ಅನಕಾಪದಲ್ಲಿ ಓಲಾಡುವ ದೋಣಿಯಿಂದ ಕಬ್ಬಿಣದ ಏಣಿ ಹಿಡಿದು ಹತ್ತಬೇಕು, ಆಮೇಲೆ 157 ಮೆಟ್ಟಿಲು. ಸ್ಕೆಲ್ಲಿಗ್ ಮೈಕಲ್‌ನಲ್ಲಿ ಹಿಡಿಕೆಯಿಲ್ಲದ 600ಕ್ಕೂ ಹೆಚ್ಚು ಕಲ್ಲುಮೆಟ್ಟಿಲು. ನಿಮ್ಮದು ಮರಳ ದಂಡೆಯಾದರೆ ಅಷ್ಟು ಕಷ್ಟವಿಲ್ಲ. ಮನೆಯಲ್ಲಿ ಊಟದ ಮೇಜಿನ ಕುರ್ಚಿಯಿಂದ ಕೈ ಊರದೆ ಎದ್ದು, ಮೊಣಕಾಲೆತ್ತರದ ಕಟ್ಟೆಗೆ ಒಂದೇ ಹೆಜ್ಜೆಯಲ್ಲಿ ಹತ್ತಿ ಇಳಿಯಲು ಅವರಿಗೆ ಆಗುತ್ತದೆಯೇ ನೋಡಿ. ಆಗುವುದಾದರೆ ದೋಣಿಯಿಂದಲೂ ಇಳಿದಾರು. ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಔಷಧಿ ಇದ್ದರೆ ನಾಲ್ಕು ದಿನಕ್ಕಾಗುವಷ್ಟು ತೆಗೆದುಕೊಂಡು, ಎರಡು ಪಾಲು ಮಾಡಿ ಎರಡು ಬೇರೆ ಚೀಲಗಳಲ್ಲಿ ಇಡಿ. ಇನ್ಸುಲಿನ್ ಇದ್ದರೆ ತಂಪಾಗಿಡುವ ಚೀಲವೂ ಬೇಕು. ಇತ್ತೀಚೆಗೆ ಎದೆನೋವು ಬಂದಿದ್ದರೆ, ಇಲ್ಲವೇ ಔಷಧಿ ಬದಲಿಸಿ ಇನ್ನೂ ಹೊಂದಿಕೊಳ್ಳುತ್ತಿದ್ದರೆ ಈ ಸಲ ಅವರು ದಡದ ಹೊಣೆಗಾರರಾಗಲಿ. ಆ ಹಾಳೆಯನ್ನು ಅವರಿಗಿಂತ ಚೆನ್ನಾಗಿ ಕಾಯುವವರು ನಿಮಗೆ ಬೇರೆ ಸಿಗುವುದಿಲ್ಲ.